ಇನ್ನು ಅಂಗಳ ಡೊಂಕು ಅನ್ನುವ ಹಾಗಿಲ್ಲ

ಮನೆಗೆ ಬಂದವರು ಅಡುಗೆಮನೆಯಲ್ಲಿ ನನ್ನ ಗ್ರೈಂಡರ್, ಅಂದರೆ ಕಾಫಿ ಬೀಜ ಬೀಸುವ ಕೈಗಿರಣಿ, ನೋಡಿದ ತಕ್ಷಣ ಕೈಗೆ ಎತ್ತಿಕೊಳ್ಳುತ್ತಾರೆ. ತೂಕಕ್ಕೆ ಹುಬ್ಬೇರಿಸುತ್ತಾರೆ. ಹ್ಯಾಂಡಲ್ ಎರಡು ಸುತ್ತು ತಿರುಗಿಸುತ್ತಾರೆ. ಆಮೇಲೆ ಬೆಲೆ ಕೇಳುತ್ತಾರೆ. ಹೇಳಿದ ಮೇಲೆ ಬರುವ ಪ್ರಶ್ನೆ ಒಂದೇ: “ಅಷ್ಟು ದುಡ್ಡು ಕೊಟ್ಟೂ ಕೈಯಲ್ಲೇ ತಿರುಗಿಸಬೇಕಾ?”

ಮೊನ್ನೆ ನಮ್ಮಕ್ಕನೂ ಇದನ್ನೇ ಕೇಳಿದಳು. “ಕರೆಂಟಿಂದು ಇದರ ಅರ್ಧ ಬೆಲೆಗೆ ಸಿಗುತ್ತಲ್ಲೋ!” ಸಿಗುತ್ತದೆ, ಇಲ್ಲ ಅನ್ನಲ್ಲ. ಅವಳಿಗೆ ಅವತ್ತು ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಒಂದು ಲೋಟ ಕಾಫಿ ಪಕ್ಕದಲ್ಲಿಟ್ಟುಕೊಳ್ಳಿ.

ಮೋಟರ್ ಇರುವ ಗ್ರೈಂಡರ್ ತಗೊಂಡರೆ ನಮ್ಮ ದುಡ್ಡು ಮೋಟರಿಗೆ ಹೋಗುತ್ತದೆ, ಗೇರಿಗೆ ಹೋಗುತ್ತದೆ, ಸ್ವಿಚ್ಚು, ವೈರು, ದೊಡ್ಡ ಡಬ್ಬಿ ಎಲ್ಲದಕ್ಕೂ ಹೋಗುತ್ತದೆ. ಮಿಕ್ಕಿದ್ದರಲ್ಲಿ ಬೀಜ ಪುಡಿ ಮಾಡುವ ಭಾಗ. ಕೈಯದರಲ್ಲಿ ಮೋಟರ್ ನಾವೇ. ಅದಕ್ಕೆ ಸಂಬಳ ಇಲ್ಲ. ಹಾಗಾಗಿ ಹೆಚ್ಚಿನ ದುಡ್ಡೆಲ್ಲ ಎರಡು ಕಡೆ ಹೋಗುತ್ತದೆ. ಒಂದು ಬರ್, ಅಂದರೆ ಒಳಗಿನ ಉಕ್ಕಿನ ಹಲ್ಲುಗಳು. ಇನ್ನೊಂದು ಆ ಹಲ್ಲನ್ನು ಅಲುಗಾಡದಂತೆ ಹಿಡಿದಿಡುವ ಬೇರಿಂಗು ಮತ್ತು ಅಕ್ಷ.

ಈ ಎರಡನೆಯದನ್ನು ಜನ ಮರೆಯುತ್ತಾರೆ. ನಾನೂ ಮರೆತಿದ್ದೆ. ಒಳಗೆ ಏನಾಗುತ್ತದೆ ಅಂದರೆ, ಹಲ್ಲಿರುವ ಒಂದು ಉಂಗುರ ಹೊರಗೆ ಸುಮ್ಮನೆ ಕೂತಿರುತ್ತದೆ. ಅದರೊಳಗೆ ಹಲ್ಲಿರುವ ಒಂದು ಶಂಕು ತಿರುಗುತ್ತದೆ. ಮೇಲಿನ ದೊಡ್ಡ ಹಲ್ಲು ಬೀಜವನ್ನು ಮುರಿಯುತ್ತದೆ, ಕೆಳಗಿನ ಸಣ್ಣ ಹಲ್ಲು ಅದನ್ನು ಪುಡಿ ಮಾಡುತ್ತದೆ. ಕೆಳಗೆ ಎರಡರ ಮಧ್ಯೆ ಕೂದಲಿನಷ್ಟೋ ಇನ್ನೂ ಕೆಲವು ಕೂದಲಿನಷ್ಟೋ ಸಂದಿ. ಆ ಸಂದಿಯಲ್ಲಿ ನುಸುಳುವಷ್ಟು ಸಣ್ಣ ಆದ ಮೇಲೆಯೇ ಪುಡಿ ಹೊರಗೆ ಬರುತ್ತದೆ. ಈಗ ಅಕ್ಷ ಒಂದು ಎಳೆ ಅಲುಗಾಡಿತು ಅಂತಿಟ್ಟುಕೊಳ್ಳಿ. ಸಂದಿ ಒಂದು ಕಡೆ ದೊಡ್ಡದಾಯಿತು, ಇನ್ನೊಂದು ಕಡೆ ಚಿಕ್ಕದಾಯಿತು. ಒಂದು ಕಡೆಯಿಂದ ರವೆ, ಇನ್ನೊಂದು ಕಡೆಯಿಂದ ಹಿಟ್ಟು. ಎರಡೂ ಒಂದೇ ಡಬ್ಬಿಗೆ.

ನನ್ನ ಹಳೇ ಗ್ರೈಂಡರ್ ಹೀಗೇ ಇತ್ತು. ಹೆಸರು ಬೇಡ, ಪಾಪ, ಅದರ ಬೆಲೆಗೆ ಅದು ಮಾಡಿದ್ದೇ ದೊಡ್ಡದು. ಸೆರಾಮಿಕ್ ಹಲ್ಲು, ಪ್ಲಾಸ್ಟಿಕ್ ಆಸರೆ. ನುಣ್ಣಗೆ ಬೀಸುವಾಗ ಹೇಗೋ ನಡೆಯುತ್ತಿತ್ತು, ಯಾಕಂದರೆ ಹಲ್ಲುಗಳು ಹತ್ತಿರ ಇದ್ದು ಒಂದನ್ನೊಂದು ಹಿಡಿದುಕೊಳ್ಳುತ್ತಿದ್ದವು. ತರಿಯಾಗಿ ಬೇಕು ಅಂತ ಸಡಿಲ ಮಾಡಿದರೆ ಒಳಗಿನ ಶಂಕು ಸಡಿಲ ಹಲ್ಲಿನ ಹಾಗೆ ಆಡುತ್ತಿತ್ತು. ಪುಡಿಯನ್ನು ಬಿಳಿ ಕಾಗದದ ಮೇಲೆ ಹರಡಿದರೆ ಕಾಳುಮೆಣಸಿನ ಚೂರಿನಂಥವೂ ಇವೆ, ಗಂಧದ ಪುಡಿಯಂಥದ್ದೂ ಇದೆ.

ಇದರಿಂದ ರುಚಿಗೆ ಏನಾಗುತ್ತದೆ? ದಪ್ಪ ಚೂರಿನ ಒಳಗಿನ ಸತ್ವ ನೀರಿಗೆ ಪೂರ್ತಿ ಇಳಿಯುವುದಿಲ್ಲ, ಅದರಿಂದ ಹುಳಿ, ತೆಳು. ಧೂಳಿನಿಂದ ಬೇಕಾದ್ದಕ್ಕಿಂತ ಜಾಸ್ತಿ ಇಳಿಯುತ್ತದೆ, ಅದರಿಂದ ಕಹಿ, ಒಗರು. ಒಂದೇ ಲೋಟದಲ್ಲಿ ಎರಡೂ. ಕಹಿ ಕಮ್ಮಿ ಮಾಡೋಣ ಅಂತ ತರಿ ಮಾಡಿದರೆ ಹುಳಿ ಏರುತ್ತದೆ. ಹುಳಿ ಇಳಿಸೋಣ ಅಂತ ನುಣ್ಣಗೆ ಮಾಡಿದರೆ ಒಗರು. ವರ್ಷಗಟ್ಟಲೆ ನಾನು ಈ ತಕ್ಕಡಿಯಲ್ಲಿ ಕಪ್ಪೆ ತೂಗುವ ಕೆಲಸ ಮಾಡಿದೆ. 1950ರ ದಶಕದಲ್ಲೇ ಅರ್ನೆಸ್ಟ್ ಲಾಕ್‌ಹಾರ್ಟ್ ಅನ್ನುವ ವಿಜ್ಞಾನಿ ಇದನ್ನು ಲೆಕ್ಕ ಹಾಕಿದ್ದರು. ಪುಡಿಯ ತೂಕದಲ್ಲಿ ಶೇಕಡ 18ರಿಂದ 22ರಷ್ಟು ನೀರಿಗೆ ಇಳಿದರೆ ರುಚಿ ಹದವಾಗಿರುತ್ತದೆ ಅಂತ. ಆದರೆ ಅದು ಸರಾಸರಿ ತಾನೇ? ಅರ್ಧ ಪುಡಿಯಿಂದ 14, ಇನ್ನರ್ಧದಿಂದ 26 ಇಳಿದರೂ ಸರಾಸರಿ 20 ಬರುತ್ತದೆ. ಕಾಗದದಲ್ಲಿ ಪಾಸು, ಬಾಯಲ್ಲಿ ಫೇಲು.

ಒಳ್ಳೇ ಗ್ರೈಂಡರಿನಲ್ಲೂ ಧೂಳು ಬರುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಹುರಿದ ಬೀಜ ಪೆಳಸು, ಒಡೆದಾಗ ಒಂದಿಷ್ಟು ಪುಡಿಪುಡಿ ಆಗಲೇಬೇಕು. ಧೂಳೇ ಇಲ್ಲ ಅಂತ ಮಾರುವವರನ್ನು ನಂಬಬೇಡಿ. ಕಮ್ಮಿ ಬರುತ್ತದೆ, ದಿನಾ ಅಷ್ಟೇ ಬರುತ್ತದೆ.

ಈ “ದಿನಾ ಅಷ್ಟೇ” ಇದೆಯಲ್ಲ, ನಾನು ದುಡ್ಡು ಕೊಟ್ಟದ್ದು ಅದಕ್ಕೆ. ಇದು ನನಗೆ ಗೊತ್ತಾಗಿದ್ದು ಮಾತ್ರ ತಗೊಂಡು ಆರು ತಿಂಗಳಾದ ಮೇಲೆ. ಮೊದಲ ದಿನದ ಕಾಫಿ ಕುಡಿದು ನಾನೇನೂ ಗಾಳಿಯಲ್ಲಿ ತೇಲಲಿಲ್ಲ. ಚೆನ್ನಾಗಿತ್ತು, ಸ್ವಚ್ಛವಾಗಿತ್ತು, ಅಷ್ಟೇ. ಮನಸ್ಸಿನೊಳಗೆ ಸ್ವಲ್ಪ ಬೇಜಾರೂ ಆಯಿತು, ಇದಕ್ಕಾ ಇಷ್ಟು ಅಂತ. ನಿಜವಾದ ವ್ಯತ್ಯಾಸ ಬೇರೆ ಕಡೆ ಇತ್ತು. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ನಾನು ವರ್ಷಗಟ್ಟಲೆ ಅಂದದ್ದು ಅದನ್ನೇ. ಈಗ ಅಂಗಳ ನೆಟ್ಟಗಿದೆ. ಕಾಫಿ ಕೆಟ್ಟರೆ ಇನ್ನು ಯಾರನ್ನು ಬೈಯುವುದು?

ಆದರೂ ಬೈದೆ, ಕೇಳಿ.

ಒಂದು ಭಾನುವಾರ ಗ್ರೈಂಡರನ್ನು ಪೂರ್ತಿ ಬಿಚ್ಚಿ ಬ್ರಶ್ಶಿನಿಂದ ಉಜ್ಜಿ ಮತ್ತೆ ಜೋಡಿಸಿದೆ. ಸೋಮವಾರದ ಕಾಫಿ ಸಪ್ಪೆ, ಮೇಲೆ ಒಂಥರಾ ಹುಳಿ. ಮಂಗಳವಾರವೂ ಹಾಗೇ. ಬೀಜ ಹೊಸ ಪ್ಯಾಕೆಟ್ಟು. ಹುರಿದು ಕೊಡುವ ಹುಡುಗನಿಗೆ ಒಂದು ಮೆಸೇಜು ಹಾಕಿದೆ, “ಈ ಸಲ ಹದ ತಪ್ಪಿದೆ ಕಣಪ್ಪ, ಹಸಿಹಸಿ ಅನ್ನಿಸುತ್ತಿದೆ.” ಅವನು ಪಾಪ “ನೋಡ್ತೀನಿ ಸರ್” ಅಂದ. ಬುಧವಾರ ಬೆಳಿಗ್ಗೆ ಮಗಳು ಬಾಗಿಲ ಹತ್ತಿರ ಶೂ ಕಟ್ಟಿಕೊಳ್ಳುತ್ತಿದ್ದಳು. ನಾನು ತಿರುಗಿಸಿ ಮುಗಿಸಿದೆ. ಅವಳು ತಲೆ ಎತ್ತಿ, “ಅಪ್ಪಾ, ಆಗಲೇ ಮುಗೀತಾ? ಒಂದು ಶೂ ಕೂಡ ಆಗಿಲ್ಲ ನಂದು” ಅಂದಳು.

ಅವಳಿಗೆ ಅದು ಗಡಿಯಾರ. ಅಪ್ಪನ ಬೀಸಾಟ ಮುಗಿಯುವಷ್ಟರಲ್ಲಿ ಎರಡೂ ಶೂ ಆಗಬೇಕು. ಬೇಗ ಮುಗಿಯಿತು ಅಂದರೆ ಪುಡಿ ತರಿಯಾಗಿದೆ ಅಂತ. ಬಿಚ್ಚಿ ನೋಡಿದರೆ ಬೇರಿಂಗ್ ಮೇಲೆ ಕೂರಬೇಕಾದ ವಾಷರ್ ಓರೆಯಾಗಿ ಕೂತಿದೆ. ಸಂದಿ ಹೆಚ್ಚುಕಮ್ಮಿ ಮಾಡುವ ಡಯಲ್ ಬಿಗಿ ಮಾಡುವಾಗ ಹಲ್ಲಿಗೆ ಹಲ್ಲು ತಾಗುವ ಮೊದಲೇ ಬಿಗಿಯಾಗಿತ್ತು. ನಾನು ಅದನ್ನೇ ಸೊನ್ನೆ ಅಂದುಕೊಂಡು ಅಲ್ಲಿಂದ ಕ್ಲಿಕ್, ಅಂದರೆ ಡಯಲಿನ ಒಂದೊಂದು ಮೆಟ್ಟಿಲು, ಎಣಿಸಿದ್ದೆ. ವಾಷರ್ ಸರಿ ಕೂರಿಸಿದೆ, ಹುಡುಗನಿಗೆ ಕ್ಷಮೆ ಕೇಳಿದೆ, ಅರ್ಧ ಕಿಲೋ ಜಾಸ್ತಿ ತರಿಸಿದೆ. ಹಳೇ ಗ್ರೈಂಡರ್ ಆಗಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಅದರಲ್ಲಿ ದಿನಕ್ಕೊಂದು ರುಚಿ ಬರುತ್ತಿತ್ತು, ಮೂರು ದಿನ ಕೆಟ್ಟದ್ದು ಯಾರ ಲೆಕ್ಕದಲ್ಲಿ?

ಕ್ಲಿಕ್ ಅಂದೆನಲ್ಲ, ಅದರ ಬಗ್ಗೆ ಒಂದು ಮಾತು. ಯಾರಾದರೂ “ನಾನು 24 ಕ್ಲಿಕ್ಕಲ್ಲಿ ಮಾಡ್ತೀನಿ, ಸೂಪರ್” ಅಂದರೆ ಸುಮ್ನೆ ತಲೆ ಆಡಿಸಿ, ಕಾಪಿ ಮಾಡಬೇಡಿ. ಜರ್ಮನಿಯ ಕೊಮಾಂಡಾಂಟೆ ಸಿ40 ಅನ್ನುವ ಕೈಗ್ರೈಂಡರಿನಲ್ಲಿ ಒಂದು ಕ್ಲಿಕ್ಕಿಗೆ ಸಂದಿ ಸುಮಾರು 30 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಬದಲಾಗುತ್ತದೆ. ತೈವಾನಿನ ವನ್‌ಝಡ್‌ಪ್ರೆಸ್ಸೊ ಕಂಪನಿಯ ಜೆ-ಮ್ಯಾಕ್ಸ್‌ನಲ್ಲಿ 8.8 ಮೈಕ್ರಾನ್. ಅವರ 24 ನಿಮ್ಮ 24 ಅಲ್ಲ. ಒಂದೇ ಮಾಡೆಲ್ ಇದ್ದರೂ ಸೊನ್ನೆ ಎಲ್ಲಿ ಅನ್ನುವುದರಲ್ಲೇ ಒಂದೆರಡು ಕ್ಲಿಕ್ ಆಚೀಚೆ ಆಗುತ್ತದೆ. ಎಸ್ಪ್ರೆಸ್ಸೊ, ಅಂದರೆ ಒತ್ತಡದಲ್ಲಿ ಬಿಸಿನೀರು ಹಾಯಿಸಿ ಇಳಿಸುವ ಗಟ್ಟಿ ಕಾಫಿ, ಮಾಡುವವರಿಗೆ ಸಣ್ಣ ಕ್ಲಿಕ್ ಬೇಕು, ಅಲ್ಲಿ ಒಂದು ಎಳೆ ಬದಲಾದರೂ ಕಾಫಿ ಇಳಿಯುವ ವೇಗ ಬದಲಾಗುತ್ತದೆ. ಫಿಲ್ಟರ್ ಕಾಗದದಲ್ಲಿ ಇಳಿಸುವ ನನ್ನಂಥವರಿಗೆ 30 ಮೈಕ್ರಾನ್ ಧಾರಾಳ ಸಾಕು. ಅದಕ್ಕಿಂತ ಸಣ್ಣ ಕ್ಲಿಕ್ಕಿಗೆ ಅಂತ ಜಾಸ್ತಿ ದುಡ್ಡು ಕೊಡಬೇಡಿ.

ನನ್ನ ಬೆಳಗು ಹೀಗಿರುತ್ತದೆ. 15 ಗ್ರಾಂ ಬೀಜ ತೂಗುತ್ತೇನೆ. ಚಮಚದ ಹಿಂಬದಿ ನೀರಿಗೆ ಅದ್ದಿ, ಅದರಿಂದ ಬೀಜ ಒಮ್ಮೆ ಕಲಕುತ್ತೇನೆ. ಒಂದು ಹನಿ, ಅಷ್ಟೇ. ಇದಕ್ಕೆ ರಾಸ್ ಡ್ರಾಪ್ಲೆಟ್ ಟೆಕ್ನಿಕ್ ಅಂತ ದೊಡ್ಡ ಹೆಸರಿದೆ. ಬೀಜ ಉಜ್ಜಾಡುವಾಗ, ಒಡೆಯುವಾಗ ಸ್ಥಿರ ವಿದ್ಯುತ್ ಹುಟ್ಟುತ್ತದೆ, ಪುಡಿ ಡಬ್ಬಿಯ ಗೋಡೆಗೆಲ್ಲ ಅಂಟುತ್ತದೆ. ನೀರು ಅದನ್ನು ತಡೆಯುತ್ತದೆ. ಮೊದಲು ಇದನ್ನೂ ಗೀಳಿನವರ ಮಡಿ ಅಂತ ನಕ್ಕಿದ್ದೆ. 2023ರಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಹೆಂಡನ್ ಮತ್ತು ಜೊತೆಯವರು ಇದರ ಮೇಲೆ ಸಂಶೋಧನೆ ಮಾಡಿ ‘ಮ್ಯಾಟರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ನೀರು ಹಾಕಿದರೆ ವಿದ್ಯುತ್ ಕಮ್ಮಿ, ಪುಡಿ ಗಂಟು ಕಟ್ಟುವುದೂ ಕಮ್ಮಿ, ಎಸ್ಪ್ರೆಸ್ಸೊ ಜಾಸ್ತಿ ಗಟ್ಟಿ ಅಂತ ಸಿಕ್ಕಿತು. ನಾನು ನಗುವುದು ನಿಲ್ಲಿಸಿದೆ. ನನಗೆ ಬೇಕಾದ್ದು ಅಷ್ಟು ವಿಜ್ಞಾನವೂ ಅಲ್ಲ, ಕಟ್ಟೆ ಒರೆಸುವ ಕೆಲಸ ತಪ್ಪಿದರೆ ಸಾಕು.

ಆಮೇಲೆ ತಿರುಗಿಸುವುದು. ಗ್ರೈಂಡರನ್ನು ನೆಟ್ಟಗೆ ಹಿಡಿಯದೆ ಸ್ವಲ್ಪ ವಾಲಿಸಿ ಹಿಡಿಯುತ್ತೇನೆ, ಬೀಜ ಒಟ್ಟಿಗೆ ಮುಗಿಬೀಳದೆ ನಾಲ್ಕು ನಾಲ್ಕಾಗಿ ಹಲ್ಲಿಗೆ ಸಿಗುತ್ತವೆ, ಕೈಗೂ ಹಗುರ. ಮೊದಲು ಕಟಕಟ, ಆಮೇಲೆ ಕರಕರ, ಕೊನೆಗೆ ಒಂದು ಕ್ಷಣದಲ್ಲಿ ಹ್ಯಾಂಡಲ್ ತಟ್ಟನೆ ಹಗುರ ಆಗಿ ಗಾಳಿಯಲ್ಲಿ ತಿರುಗಿದ ಹಾಗಾಗುತ್ತದೆ. ಮುಗಿಯಿತು. ಮುಕ್ಕಾಲು ನಿಮಿಷ. ಇದನ್ನು ಕೆಲವರು ಧ್ಯಾನ, ತಪಸ್ಸು ಅಂತೆಲ್ಲ ಬರೆಯುತ್ತಾರೆ. ನನಗಂತೂ ಅದು ಕೆಲಸ. ನಿದ್ದೆಗಣ್ಣಲ್ಲಿ ಮಾಡುವ ಕೆಲಸ. ಧ್ಯಾನ ಮಾಡಬೇಕಿದ್ದರೆ ಕಾಫಿ ಕುಡಿದ ಮೇಲೆ ಮಾಡ್ತೀನಿ.

ಆದರೆ ಒಂದು ನಿಜ. ಮೋಟರಿಗೆ ಗೊತ್ತಾಗದ್ದು ಕೈಗೆ ಗೊತ್ತಾಗುತ್ತದೆ. ಕಮ್ಮಿ ಹುರಿದ ಬೀಜ ಗಟ್ಟಿ, ಭುಜ ಹಿಡಿಯುತ್ತದೆ. ಜಾಸ್ತಿ ಹುರಿದದ್ದು ಹಪ್ಪಳದ ಹಾಗೆ ಮುರಿಯುತ್ತದೆ. ಒಂದು ಸಲ ಅರ್ಧ ಸುತ್ತಿಗೆ ಹ್ಯಾಂಡಲ್ ಗಕ್ಕನೆ ನಿಂತಿತು. ಬಲ ಹಾಕಬೇಕು ಅನ್ನಿಸಿತು, ಯಾಕೋ ಹಾಕಲಿಲ್ಲ. ಹಿಂದಕ್ಕೆ ತಿರುಗಿಸಿ, ಎಲ್ಲ ಸುರಿದು ನೋಡಿದರೆ ಬೀಜದ ಬಣ್ಣದ್ದೇ ಒಂದು ಸಣ್ಣ ಕಲ್ಲು. ಮೋಟರ್ ಆಗಿದ್ದರೆ ನನ್ನನ್ನು ಕೇಳುತ್ತಿರಲಿಲ್ಲ. ಆ ಕಲ್ಲು ಈಗಲೂ ಗ್ರೈಂಡರ್ ಪಕ್ಕದ ಬಟ್ಟಲಲ್ಲಿದೆ. (ಇದೇ ಕಾರಣಕ್ಕೆ ಹ್ಯಾಂಡಲ್ ತೆಗೆದು ಡ್ರಿಲ್ ಮಿಷನ್ ಸಿಕ್ಕಿಸುವ ಮಹಾಶಯರಿಗೆ ಕೈ ಮುಗಿಯುತ್ತೇನೆ.)

ತೊಳೆಯಬೇಡಿ. ಬೀಜಕ್ಕೆ ಒಂದು ಹನಿ ಸರಿ, ಗ್ರೈಂಡರಿಗೇ ನೀರು ಬಿದ್ದರೆ ಉಕ್ಕಿಗೂ ಬೇರಿಂಗಿಗೂ ಒಳ್ಳೆಯದಲ್ಲ. ಒಣ ಬ್ರಶ್ ಸಾಕು.

ಯಾರು ತಗೋಬಾರದು ಅಂತಲೂ ಹೇಳಬೇಕಲ್ವಾ? ಹಾಲು, ಸಕ್ಕರೆ ಜಾಸ್ತಿ ಹಾಕಿ ಕುಡಿಯುವವರಿಗೆ ಈ ವ್ಯತ್ಯಾಸದಲ್ಲಿ ಬಹಳಷ್ಟು ಗೊತ್ತಾಗುವುದೇ ಇಲ್ಲ. ಅದರಲ್ಲಿ ತಪ್ಪೇನಿಲ್ಲ, ದುಡ್ಡು ಉಳಿಯಿತು ಅಂದುಕೊಳ್ಳಿ. ಮಣಿಕಟ್ಟು, ಭುಜ ನೋವಿರುವವರಿಗೆ ಬೇಡವೇ ಬೇಡ. ದಿನಾ ನಾಲ್ಕೈದು ಲೋಟ ಎಸ್ಪ್ರೆಸ್ಸೊ ಬೇಕಾದವರು ಮೋಟರಿನದ್ದೇ ನೋಡಿ, ನುಣ್ಣಗೆ ಬೀಸುವುದು ಎರಡರಷ್ಟು ಹೊತ್ತು, ಎರಡರಷ್ಟು ಬೆವರು. ಇನ್ನು, ವಾರಗಟ್ಟಲೆ ಹಳೆಯ ಬೀಜ ತರುವವರು ಮೊದಲು ಬೀಜ ಬದಲಾಯಿಸಿ. ಹಳಸಿದ ಬೀಜವನ್ನು ಎಷ್ಟು ಸಮನಾಗಿ ಬೀಸಿದರೂ ಸಮನಾಗಿ ಹಳಸಿದ ಕಾಫಿಯೇ ಬರುತ್ತದೆ.

ಅಂದಹಾಗೆ ಕೈಯಲ್ಲಿ ಬೀಸುವುದು ಹೊಸ ಶೋಕಿ ಏನೂ ಅಲ್ಲ. ಈಗ ಕಾರಿಗೆ ಹೆಸರಾದ ಫ್ರಾನ್ಸಿನ ಪ್ಯೂಜೊ ಮನೆತನದವರು ಕಾರು ಅನ್ನುವುದು ಹುಟ್ಟುವ ಎಷ್ಟೋ ಮೊದಲು, 1840ರಲ್ಲೇ, ಕಾಫಿ ಬೀಸುವ ಕೈಗಿರಣಿ ಮಾಡಿದ್ದರು. ಅಕ್ಕನಿಗೆ ಇದನ್ನು ಹೇಳಿದೆ. “ಹೌದಾ? ಅವರು ಬುದ್ಧಿವಂತರು, ಆಮೇಲೆ ಮೋಟರಿಗೆ ಹೋದರು ನೋಡು” ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾಳೆ ಅವಳ ಸಂಸಾರ ಪೂರ್ತಿ ಮನೆಗೆ ಬರುತ್ತಿದೆ. ಒಟ್ಟು ಆರು ಜನ, 90 ಗ್ರಾಂ. ನನ್ನದರಲ್ಲಿ ಒಂದು ಸಲಕ್ಕೆ 30 ಗ್ರಾಂ ಹಿಡಿಯುತ್ತದೆ, ಅಂದರೆ ಮೂರು ಸುತ್ತು ತುಂಬಬೇಕು. ಮೊದಲನೆಯದು ನಾನು ಮಾಡ್ತೀನಿ. ಎರಡನೆಯದು ಭಾವ. ಮೂರನೆಯದನ್ನು ಅಕ್ಕನ ಕೈಗೆ ಕೊಟ್ಟು, ಜಾಸ್ತಿ ಹುರಿದ ಬೀಜ ಹಾಕಿಡುತ್ತೇನೆ, ಸುಲಭ ಅನ್ನಿಸಲಿ.