ಅಪ್ಪನಿಗೂ ಸಂಬಳದ ರಜೆ ಕಡ್ಡಾಯ ಮಾಡಬೇಕಾ?

ಪರ: ಮಗು ಇಬ್ಬರದ್ದು, ರಜೆ ಒಬ್ಬಳಿಗೇ ಯಾಕೆ?

ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಒಳ್ಳೆಯದೇ ಆಯಿತು. ಆದರೆ ಅದರಲ್ಲಿ ಅಪ್ಪನ ರಜೆಯ ಮಾತೇ ಇಲ್ಲ. ಕೇಂದ್ರ ಸರ್ಕಾರಿ ನೌಕರನಿಗಾದರೆ 15 ದಿನ ಸಿಗುತ್ತದೆ. ಖಾಸಗಿ ಕೆಲಸದವನು ಮ್ಯಾನೇಜರ್ ಮುಖ ನೋಡಿಕೊಂಡು ರಜೆ ಕೇಳಬೇಕು.

‘ಬಾಣಂತನಕ್ಕೆ ತವರಿದೆಯಲ್ಲ’ ಅನ್ನುತ್ತಾರೆ. ಎಲ್ಲರಿಗೂ ಎಲ್ಲಿದೆ? ರಾಯಚೂರಿನಿಂದ ಬಂದು ಪೀಣ್ಯದ ಕಡೆ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದವರನ್ನು ನೋಡಿ. ಊರಲ್ಲಿರುವ ಅಮ್ಮ ಕೂಲಿ ಬಿಟ್ಟು ಎಷ್ಟು ದಿನ ಬಂದು ಕೂರುತ್ತಾಳೆ? ಸಿಸೇರಿಯನ್ ಆದವಳು ಬಗ್ಗಿ ಬಕೆಟ್ ಎತ್ತುವ ಹಾಗಿಲ್ಲ. ನೀರು ಕಾಯಿಸಬೇಕು, ಬಟ್ಟೆ ಒಗೆಯಬೇಕು, ರಾತ್ರಿ ಮಗು ಅತ್ತರೆ ಎತ್ತಿಕೊಳ್ಳಬೇಕು. ಗಂಡ ಆಗಲೇ ಶಿಫ್ಟಿಗೆ ಓಡಿರುತ್ತಾನೆ. 6ನೇ, 10ನೇ, 14ನೇ ವಾರದ ಲಸಿಕೆಗೆ ಮಗುವನ್ನು ಎತ್ತಿಕೊಂಡು ಹೋಗುವವಳೂ ಅವಳೇ.

ಇನ್ನೊಂದು ವಿಷಯ ಇದೆ. ಇಂಟರ್‌ವ್ಯೂನಲ್ಲಿ ‘ಮದುವೆ ಆಗಿದೆಯಾ?’ ಅನ್ನುವ ಪ್ರಶ್ನೆ ಹೆಣ್ಣಿಗೆ ಮಾತ್ರ ಬರುತ್ತದೆ. ಗಂಡೂ ರಜೆ ಹೋಗುತ್ತಾನೆ ಅಂತಾದರೆ ‘ಹೆಣ್ಣಾದರೆ ರಜೆ ಹೋಗುತ್ತಾಳೆ’ ಅನ್ನುವ ಆ ಲೆಕ್ಕಾಚಾರಕ್ಕೆ ಅರ್ಧ ಬೆಲೆಯೂ ಇರುವುದಿಲ್ಲ. ಸ್ವೀಡನ್ 1974ರಲ್ಲೇ ಅಪ್ಪನಿಗೂ ಸಂಬಳದ ರಜೆ ತಂದಿತು. ಈಗ ಅಲ್ಲಿ ಇಬ್ಬರಿಗೂ ಸೇರಿ 480 ದಿನ. ಅದರಲ್ಲಿ ಒಬ್ಬೊಬ್ಬರಿಗೆ 90 ದಿನ ಮೀಸಲು, ಬಿಟ್ಟುಕೊಡಲು ಬರುವುದಿಲ್ಲ. ಅಪ್ಪ ತೆಗೆದುಕೊಳ್ಳದಿದ್ದರೆ ಆ ದಿನಗಳು ಹೋದವು ಅಂತಲೇ. ಕಡ್ಡಾಯ ಅಂದರೆ ಹೀಗಿರಬೇಕು.

ವಿರೋಧ: ದುಡ್ಡು ಯಾರ ಜೇಬಿನಿಂದ?

ರಜೆ ಬೇಡ ಅನ್ನುವಷ್ಟು ಕಲ್ಲೆದೆ ಯಾರಿಗೂ ಇಲ್ಲ. ಆದರೆ ಇಎಸ್‌ಐ, ಅಂದರೆ ಸರ್ಕಾರದ ಕಾರ್ಮಿಕ ವಿಮೆಯ ವ್ಯಾಪ್ತಿಗೆ ಬರದ ಹೆಣ್ಣುಮಕ್ಕಳ 26 ವಾರದ ಸಂಬಳ ಈಗಲೂ ಪೂರ್ತಿ ಮಾಲೀಕನ ತಲೆ ಮೇಲಿದೆ. ಈ ಖರ್ಚನ್ನು ಮಾಲೀಕನೊಬ್ಬನ ಮೇಲೆ ಹೊರಿಸಬಾರದು ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2000ದ ಒಪ್ಪಂದದಲ್ಲೇ ಹೇಳಿದೆ. ನಾವು ಅದಕ್ಕೆ ಸಹಿ ಹಾಕಿಲ್ಲ. ಈಗ ಅಪ್ಪನದೂ ಸೇರಲಿ ಅಂದರೆ ಹೇಗೆ?

ಹನ್ನೆರಡು ಜನರ ಪ್ರೆಸ್ ಒಂದನ್ನು ಯೋಚಿಸಿ. ಆಫ್‌ಸೆಟ್ ಮೆಷಿನ್ ಓಡಿಸಲು ಬರುವುದು ಒಬ್ಬನಿಗೆ ಮಾತ್ರ. ಲಗ್ನಪತ್ರಿಕೆ ಸೀಸನ್ನಿನಲ್ಲಿ ಅವನು ರಜೆ ಹೋದರೆ ಅವನ ಸಂಬಳವನ್ನೂ ಕೊಡಬೇಕು, ಬದಲಿ ಆಳಿಗೂ ಕೊಡಬೇಕು. ಮುಂದಿನ ಸಲ ಮಾಲೀಕ ಹೊಸದಾಗಿ ಮದುವೆಯಾದ ಹುಡುಗನನ್ನೇ ಬೇಡ ಅನ್ನುತ್ತಾನೆ, ಅಲ್ವಾ?

ರಜೆ ಸಿಕ್ಕವರೆಲ್ಲ ತೊಟ್ಟಿಲು ತೂಗುತ್ತಾರೆ ಅನ್ನುವುದೂ ಸುಮ್ನೆ ಮಾತು. ಹೆಂಡತಿ ತವರಿನಲ್ಲಿದ್ದರೆ ಅಳಿಯನಿಗೆ ಹೊತ್ತುಹೊತ್ತಿಗೆ ಕಾಫಿ ಕೊಡುವ ಕೆಲಸ ಅತ್ತೆಗೆ ಜಾಸ್ತಿ, ಅಷ್ಟೇ.

ಎಲ್ಲಕ್ಕಿಂತ ದೊಡ್ಡ ತಕರಾರು ಬೇರೆ. ನಮ್ಮಲ್ಲಿ ಜಾಸ್ತಿ ಜನ ದುಡಿಯುವುದು ಹಾಜರಿ ಪುಸ್ತಕವೇ ಇಲ್ಲದ ಕಡೆ. ಮನೆಗೆಲಸದವಳಿಗೆ ಯಾವ 26 ವಾರ? ಬಸುರಿ, ಬಾಣಂತಿಯರಿಗೆ ದುಡ್ಡು ಕೊಡುವ ಕೇಂದ್ರದ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಅದೂ ಕಂತಿನಲ್ಲಿ. ಸರ್ಕಾರದ ಹತ್ತಿರ ದುಡ್ಡಿದ್ದರೆ ಮೊದಲು ಅದನ್ನು ಏರಿಸಲಿ. ದೊಡ್ಡ ಐಟಿ ಕಂಪನಿಗಳು ಕಾಯ್ದೆ ಇಲ್ಲದೆಯೂ ಅಪ್ಪಂದಿರಿಗೆ ರಜೆ ಕೊಡುತ್ತಿವೆ. ಅವರಿಗಾಗಿ ಅವಸರದ ಕಾನೂನು ಬೇಕಿಲ್ಲ.