ಬೆಲೆ ಕೇಳಿದರೆ ಮೀಟಿಂಗಿಗೆ ಬನ್ನಿ ಅಂತಾರೆ

ಆಫೀಸಿಗೆ ಅಂತ ಚಂದಾ ಕಟ್ಟಿ ಬಳಸೋ ಸಾಫ್ಟ್‌ವೇರಿನಲ್ಲಿ ಸಿಂಗಲ್ ಸೈನ್-ಆನ್ (ಒಂದೇ ಲಾಗಿನ್ನಿನಲ್ಲಿ ಎಲ್ಲ ಆ್ಯಪ್‌ಗಳಿಗೂ ಪ್ರವೇಶ) ಕೂಡ ಇವತ್ತಿನಿಂದ ದೊಡ್ಡ ಕಂಪನಿಗಳ ‘ಎಂಟರ್‌ಪ್ರೈಸ್’ ಪ್ಲಾನಿಗೆ ಹೋಯ್ತಂತೆ! ಕೆಲಸ ಬಿಟ್ಟವರ ಲಾಗಿನ್ ಒಂದೇ ಕಡೆಯಿಂದ ಮುಚ್ಚೋ ಮಾಮೂಲಿ ಭದ್ರತೆ, ಅದೇನು ಐಷಾರಾಮವೇ? ಹೋಗಲಿ, ಎಷ್ಟಪ್ಪಾ ಅಂದ್ರೆ ಬೆಲೆ ಇರಬೇಕಾದಲ್ಲಿ ‘ಸೇಲ್ಸ್ ತಂಡವನ್ನು ಸಂಪರ್ಕಿಸಿ’ ಅನ್ನೋ ಬಟನ್ನು. ಫಾರ್ಮ್ ತುಂಬಿ, ಡೆಮೋಗೆ ಕೂತು, ಸ್ಲೈಡುಗಳ ಮೆರವಣಿಗೆ ಮುಗಿದ ಮೇಲೆ ಅವರೇ ಕೇಳ್ತಾರೆ: ‘ನಿಮ್ಮ ಬಜೆಟ್ ಎಷ್ಟು?’

ಉಳಿದ ಪ್ಲಾನುಗಳೇನು ಸಾಚಾನಾ? ದಪ್ಪಕ್ಷರದಲ್ಲಿ ತಿಂಗಳ ದರ, ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ‘ವರ್ಷದ್ದು ಒಟ್ಟಿಗೇ ಕಟ್ಟಿದರೆ’. ಬಳಸೋರು ಮೂವರಿದ್ದರೂ ಕನಿಷ್ಠ 5 ಸೀಟು, ಅಂದ್ರೆ ಐವರ ದುಡ್ಡು. ಸೀಟು ಸೇರಿಸೋಕೆ ಒಂದು ಕ್ಲಿಕ್ಕು. ಇಳಿಸೋಕೆ ನವೀಕರಣದ ತನಕ ಕಾಯಿರಿ, ಅದೂ 30 ದಿನ ಮೊದಲೇ ಬರೆದು ತಿಳಿಸಿ. ಮರೆತಿರೋ, ಇನ್ನೊಂದು ವರ್ಷ ಕಟ್ಟಿ! ಯಾರೂ ಕೇಳದ ಎಐ ಬಟನ್ ಅಂಟಿಸಿ ದರ ಏರಿಸೋದಂತೂ ಬೇರೆ. ಅದನ್ನು ಆಫ್ ಮಾಡೋದಕ್ಕೂ ಬಿಲ್ ಯಾವಾಗ, ಸ್ವಾಮಿ?