ಪದ್ಮಿನಿ, ಕೋಳಿ ಮತ್ತು ಗೋವಾದ ತೆಂಗಿನಮರ

ನಾನು ನೋಡಲು ಹೋದ ಕಾರಿನ ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು.

"ಬಾಗಿಲು ಜೋರಾಗಿ ಹಾಕ್ಬೇಡಿ ಮಾರಾಯ್ರೆ, ಎದ್ದುಬಿಡ್ತದೆ" ಅಂದರು ಗೌಡರು.

ಹಾಕುವ ಮಾತು ಹಾಗಿರಲಿ, ಆ ಬಾಗಿಲು ತೆಗೆಯುವುದಕ್ಕೇ ನಾನೂ ಜೊತೆಗೆ ಬಂದಿದ್ದ ಗ್ಯಾರೇಜ್ ಮೇಸ್ತ್ರಿಯೂ ಸೇರಿ ಎಳೆಯಬೇಕಾಯಿತು. ತೆಗೆದ ಮೇಲೆ ಹಿಡಿಕೆ ನನ್ನ ಕೈಯಲ್ಲೇ ಉಳಿಯಿತು. ಗೌಡರಿಗೆ ಕಾಣದ ಹಾಗೆ ಅದನ್ನು ಮೆಲ್ಲಗೆ ಮುಂದಿನ ಸೀಟಿನ ಮೇಲಿಟ್ಟೆ. ಕೋಳಿ ಮಾತ್ರ ನೋಡಿತು.

ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿ. ಕೊಟ್ಟಿಗೆ ಪಕ್ಕ ತಗಡಿನ ಮಾಡು. ಅದರ ಕೆಳಗೆ ಹರಿದ ಟಾರ್ಪಲ್ ಹೊದ್ದು ನಿಂತಿದ್ದು 1982ರ ಪ್ರೀಮಿಯರ್ ಪದ್ಮಿನಿ. ಆಗುಂಬೆ ಅಂದರೆ ಮಳೆ ಎಂದು ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಅಲ್ಲಿ ಹತ್ತು ಹನ್ನೆರಡು ಮಳೆಗಾಲ ನಿಂತ ಕಬ್ಬಿಣ ಹೇಗಿರುತ್ತದೆ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನನಗೆ ಹೊಳೆದದ್ದು ಮುಂದಿನ ಗ್ರಿಲ್ ಒಂದೇ. ಅದನ್ನು ಗೌಡರು ಬೆಳಿಗ್ಗೆ ಹುಣಸೆಹಣ್ಣು ಹಾಕಿ ತಿಕ್ಕಿಸಿದ್ದರಂತೆ.

ನನಗೆ ಈ ಕಾರೇ ಯಾಕೆ ಬೇಕು? ಚಿಕ್ಕವನಿದ್ದಾಗ ನಮ್ಮೂರಿನ ಡಾಕ್ಟರ ಹತ್ತಿರ ಒಂದಿತ್ತು. ಒಂದು ರಾತ್ರಿ ಜ್ವರ ಬಂದಾಗ ನನ್ನನ್ನು ಅದರಲ್ಲಿ ಕರೆದುಕೊಂಡು ಹೋದರು. ಚುಚ್ಚಿದ ಇಂಜೆಕ್ಷನ್ ಮರೆತುಹೋಗಿದೆ, ಸೀಟಿನ ವಾಸನೆ ನೆನಪಿದೆ. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಕೊಟ್ಟರೆ ಹೆಂಡತಿ ನಂಬುವುದಿಲ್ಲ. ಇದನ್ನೂ ನಂಬಲಿಲ್ಲ ಬಿಡಿ.

ಇಟಲಿಯ ಫಿಯೆಟ್ 1100 ಕಾರನ್ನು ಬಾಂಬೆಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು ತಯಾರಿಸುತ್ತಿದ್ದರು. 1970ರ ದಶಕದಲ್ಲಿ ಅದಕ್ಕೆ ಚಿತ್ತೋಡದ ರಾಣಿಯ ಹೆಸರಿಟ್ಟರು. ನಮ್ಮ ಕಡೆ ಯಾರೂ ಕೇರ್ ಮಾಡಲಿಲ್ಲ, ಕೊನೆತನಕ ಫಿಯೆಟ್ ಅಂತಲೇ ಕರೆದರು. 1089 ಸಿಸಿ ಎಂಜಿನ್, ಗೇರ್ ಸ್ಟೀರಿಂಗ್ ಪಕ್ಕ. ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಗಾಡಿ ನಿಂತುಬಿಡುತ್ತಿತ್ತು. ಆಗ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದರು, ಜ್ವರ ಬಂದ ಮಗುವಿನ ಹಣೆಗೆ ಹಾಕಿದ ಹಾಗೆ. ಇಂಥ ಕಾರಿನ ಮೇಲೆ ಪ್ರೀತಿ ಹುಟ್ಟದೆ ಇರುತ್ತಾ?

ನಾನೇನು ತಯಾರಿ ಇಲ್ಲದೆ ಹೋದವನಲ್ಲ. ಒಂದು ವಾರ ಯೂಟ್ಯೂಬ್ ನೋಡಿದ್ದೆ. ಹಳೇ ಕಾರು ನೋಡಲು ಹೋಗುವಾಗ ಆಯಸ್ಕಾಂತ ಇಟ್ಟುಕೊಳ್ಳಬೇಕು. ಬಾಗಿಲು, ಮಡ್‌ಗಾರ್ಡ್ ಎಲ್ಲಾ ಕಡೆ ಇಟ್ಟು ನೋಡಬೇಕು. ಅಂಟಿಕೊಂಡರೆ ಕಬ್ಬಿಣ, ಬಿದ್ದುಹೋದರೆ ತುಕ್ಕು ತಿಂದ ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆ ಎಂದರ್ಥ. ನಮ್ಮ ಮನೆಯಲ್ಲಿ ಇದ್ದ ಆಯಸ್ಕಾಂತ ಒಂದೇ. ಫ್ರಿಜ್ ಬಾಗಿಲ ಮೇಲೆ ಹಾಲಿನ ಲೆಕ್ಕದ ಚೀಟಿ ಹಿಡಿದುಕೊಂಡಿದ್ದ ಗೋವಾದ ತೆಂಗಿನಮರ. ಹೆಂಡತಿ ಸ್ನಾನಕ್ಕೆ ಹೋದಾಗ ಅದನ್ನು ಜೇಬಿಗೆ ಹಾಕಿಕೊಂಡೆ.

ತೆಂಗಿನಮರ ಬಾನೆಟ್ಟಿಗೆ ಅಂಟಿತು. ಕಾರಿನ ಮಾಡಿಗೆ ಅಂಟಿತು. ನಾನು ಮೇಸ್ತ್ರಿಯ ಮುಖ ನೋಡಿ ನಕ್ಕೆ. ಎಡಗಡೆ ಮಡ್‌ಗಾರ್ಡಿಗೆ ಇಟ್ಟೆ, ಬಿತ್ತು. ಒಂದಿಂಚು ಪಕ್ಕಕ್ಕೆ ಇಟ್ಟೆ, ಬಿತ್ತು. ಬಾಗಿಲಿನ ಕೆಳಭಾಗ, ಬಿತ್ತು. ಆಗ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಹೆಬ್ಬೆರಳಿನಲ್ಲಿ ಸ್ವಲ್ಪ ಹೊತ್ತು ಒತ್ತಿ ಹಿಡಿದೆ, ಸ್ಟಾಂಪ್ ಅಂಟಿಸಿದ ಹಾಗೆ.

"ಈ ಮ್ಯಾಗ್ನೆಟ್ಟಲ್ಲಿ ಶಕ್ತಿನೇ ಇಲ್ಲ ಅನ್ಸುತ್ತೆ, ಅಲ್ವಾ?" ಅಂದೆ.

ಮೇಸ್ತ್ರಿ ಉತ್ತರ ಕೊಡಲಿಲ್ಲ. ಅವರು ಶಿವಮೊಗ್ಗದಲ್ಲಿ ಮೂವತ್ತು ವರ್ಷದಿಂದ ಫಿಯೆಟ್, ಅಂಬಾಸಿಡರ್ ರಿಪೇರಿ ಮಾಡಿದವರು. ಮಾತು ಕಮ್ಮಿ. ನೆಲದ ಮೇಲೆ ಗೋಣಿ ಹಾಸಿ ಕೆಳಗೆ ನುಸುಳಿದರು. ಸ್ವಲ್ಪ ಹೊತ್ತಿಗೆ ಡ್ರೈವರ್ ಸೀಟಿನ ಮುಂದೆ, ಪೆಡಲ್ ಪಕ್ಕ, ಮ್ಯಾಟ್ ಮೇಲಕ್ಕೆ ಉಬ್ಬಿತು. ಆಮೇಲೆ ಮ್ಯಾಟನ್ನು ತೂರಿಕೊಂಡು ಸ್ಕ್ರೂ ಡ್ರೈವರಿನ ತುದಿ ಬಂತು. ಕೆಳಗಿನಿಂದ ಅವರ ಧ್ವನಿ ಕೇಳಿಸಿತು: "ಸಾರ್, ಕಾಣ್ತಾ ಇದ್ಯಾ?"

"ಕಾಣ್ತಾ ಇದೆ" ಅಂದೆ.

"ನಾನು ಒತ್ತಿಲ್ಲ ಸಾರ್. ಸುಮ್ನೆ ಇಟ್ಟೆ ಅಷ್ಟೇ."

ಹೊರಗೆ ಬಂದ ಮೇಲೆ ಕೂದಲಿನಿಂದ ತುಕ್ಕಿನ ಪುಡಿ ಕೊಡವಿಕೊಳ್ಳುತ್ತಾ ವಿವರಿಸಿದರು. ಲಾರಿ, ಜೀಪುಗಳಿಗೆ ಕೆಳಗೆ ಬೇರೆ ಚಾಸಿ ಇರುತ್ತದೆ. ಬಾಡಿ ತುಕ್ಕು ಹಿಡಿದರೂ ಚಾಸಿ ಗಟ್ಟಿ ಇದ್ದರೆ ಬಚಾವು. ಫಿಯೆಟ್ಟಿಗೆ ಹಾಗಿಲ್ಲ. ಬಾಡಿಯೇ ಬೆನ್ನೆಲುಬು. ಬಾಗಿಲ ಕೆಳಗೆ ಹೊಸಿಲಿನ ಹಾಗೆ ಉದ್ದಕ್ಕೆ ಇರುವ ಟೊಳ್ಳು ಪಟ್ಟಿ ಇದೆಯಲ್ಲ, ಭಾರವೆಲ್ಲಾ ಅದರ ಮೇಲೆ. ಒಳಗೆ ಹೋದ ನೀರು ಇಳಿದುಹೋಗಲು ಅಲ್ಲಿ ಸಣ್ಣ ತೂತುಗಳಿರುತ್ತವೆ. ಅವು ಕೆಸರು ಕಟ್ಟಿದರೆ ನೀರು ಒಳಗೇ ನಿಂತು ತಿನ್ನುತ್ತದೆ. ಹೊರಗಿನ ಬಣ್ಣಕ್ಕೆ ಸುದ್ದಿ ಮುಟ್ಟುವುದು ಎಲ್ಲಾ ಮುಗಿದ ಮೇಲೆ.

"ಈಗ ಈ ಗಾಡಿ ನಿಂತಿರೋದು ಬಣ್ಣದ ಮೇಲೆ ಸಾರ್."

ನಾನು ನಂಬಲಿಲ್ಲ. ಬಗ್ಗಿ ಹೊಸಿಲಿಗೆ ತೆಂಗಿನಮರ ಇಟ್ಟೆ. ಅಂಟಲಿಲ್ಲ, ಬೀಳಲೂ ಇಲ್ಲ. ಒಳಗೆ ಹೋಯಿತು. ಬಣ್ಣದ ಒಂದು ಹಕ್ಕಳೆ ಕಿತ್ತು, ಅಂಗೈ ಅಗಲದ ತೂತಾಗಿ, ತೆಂಗಿನಮರ ಹೊಸಿಲಿನ ಟೊಳ್ಳಿನೊಳಗೆ ಟಣ್ ಎಂದಿತು. ಕೈ ಹಾಕಿ ತಡಕಾಡಿದೆ. ತೆಂಗಿನಮರ ಸಿಗಲಿಲ್ಲ, ಬೆರಳು ಕೊಯ್ದುಕೊಂಡಿತು. ಕೋಳಿ ಒಮ್ಮೆ ಕೊಕ್ಕ್ ಅಂತು.

ಗೌಡರ ಮನೆಯವರು ಅರಿಶಿನ ತಂದರು, ಜೊತೆಗೆ ಕಾಫಿ, ಕೋಡುಬಳೆ. ಜಗಲಿಯಲ್ಲಿ ಕೂತು ರೇಟಿನ ಮಾತು ಶುರುವಾಯಿತು. "ನಲವತ್ತು ಸಾವಿರ ಕೊಡಿ ಮಾರಾಯ್ರೆ. ಮೊನ್ನೆ ಗುಜರಿಯವನು ಬಂದಿದ್ದ, ನಾನೇ ಕೊಡಲಿಲ್ಲ." ಮೇಸ್ತ್ರಿ ಕೋಡುಬಳೆ ಕಡಿಯುತ್ತಾ ಟಿಂಕರಿಂಗ್ ಲೆಕ್ಕ ಹೇಳಿದರು. ಒಂದೂವರೆ ಲಕ್ಷದ ಹತ್ತಿರ. ಪೇಂಟಿಂಗ್ ಬೇರೆ. ಎಂಜಿನ್ ಜಾಮ್ ಆಗಿದೆಯೋ ಇಲ್ಲವೋ ನೋಡೇ ಇಲ್ಲ.

ಇನ್ನು ಪೇಪರ್. ಹದಿನೈದು ವರ್ಷ ಆದಮೇಲೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸಬೇಕಲ್ಲ, ಇದರದ್ದು 2012ಕ್ಕೇ ಮುಗಿದಿತ್ತು. ಅದೂ ಗೌಡರ ತೀರಿಹೋದ ತಂದೆಯ ಹೆಸರಿನಲ್ಲಿ. ಅಣ್ಣತಮ್ಮಂದಿರು ಮೂವರು, ತಂಗಿಯರಿಬ್ಬರು. ದೊಡ್ಡ ತಮ್ಮನ ಜೊತೆ ಬಾವಿಯ ವಿಷಯಕ್ಕೆ ಮಾತಿಲ್ಲ. "ಅವನ ಸೈನ್ ನೀವೇ ಕೇಳಿ ನೋಡಿ. ನಿಮ್ಮನ್ನ ಕಂಡ್ರೆ ಕೊಟ್ರೂ ಕೊಟ್ಟ" ಅಂದರು.

ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಿದರೆ ಹೇಗೆ ಎಂದು ನನ್ನ ತಲೆ ಓಡಿತು. 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ನಂಬರ್ ಪ್ಲೇಟಿನಲ್ಲಿ 'ವಿಎ' ಅಂತ ಅಕ್ಷರ ಸಿಗುತ್ತದೆ, ಫೀಸು 20,000 ರೂಪಾಯಿ. ಆದರೆ ಗಾಡಿಗೆ 50 ವರ್ಷ ದಾಟಿರಬೇಕು. ಇದಕ್ಕೆ ದಾಟುವುದು 2032ಕ್ಕೆ. ಅಲ್ಲಿಯವರೆಗೆ ಬಣ್ಣ ತಡೆಯಬೇಕಲ್ಲ? ವಿಂಟೇಜ್ ಅಂತಾದ ಗಾಡಿಯನ್ನು ದಿನಾ ಓಡಿಸುವ ಹಾಗೂ ಇಲ್ಲ. ಇದನ್ನಂತೂ ಮೇಸ್ತ್ರಿಗೆ ಹೇಳಿದೆ. ಅವರು ಆ ದಿನ ನಕ್ಕಿದ್ದು ಅದೊಂದೇ ಸಲ.

ಬೇಡ ಎಂದು ಹೇಳಿ ಎದ್ದು ಬರಬೇಕಿತ್ತು. ಬಾಯಿ ತೆರೆದೆ. "ಯೋಚನೆ ಮಾಡ್ತೀನಿ ಗೌಡ್ರೆ" ಅಂತ ಬಂತು.

"ನಿಧಾನ ಮಾಡಿ. ಹೇಗೂ ಇಪ್ಪತ್ತೊಂದು ದಿನ ಗಾಡಿ ಅಲ್ಲಾಡಿಸೋ ಹಾಗಿಲ್ಲ. ಕೋಳಿ ಮೊನ್ನೆಯಷ್ಟೇ ಕೂತಿದ್ದು."

ವಾಪಸ್ ಬರುವಾಗ ತೀರ್ಥಹಳ್ಳಿಯಲ್ಲಿ ಇಳಿದು ಟಿಟಿ ಇಂಜೆಕ್ಷನ್ ಚುಚ್ಚಿಸಿಕೊಂಡೆ. ಫಿಯೆಟ್ಟಿನ ದೆಸೆಯಿಂದ ನನಗಿದು ಎರಡನೆಯದು.

ಮನೆಗೆ ಬಂದರೆ ಹೆಂಡತಿ ಹಾಲಿನ ಚೀಟಿ ಹುಡುಕುತ್ತಿದ್ದಳು. ಅದು ಫ್ರಿಜ್ಜಿನ ಹಿಂದೆ ಸಿಕ್ಕಿತು. "ರೀ, ನನ್ನ ತೆಂಗಿನಮರ ಎಲ್ಲಿ?" ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ರಾತ್ರಿಯವರೆಗೆ ತಡೆದೆ. ಆಮೇಲೆ ಹೇಳಿಬಿಟ್ಟೆ.

ಇವತ್ತಿಗೆ ಮೂರು ವಾರ. ಬೆಳಿಗ್ಗೆ ಗೌಡರ ಫೋನ್ ಬಂತು. "ಹನ್ನೊಂದು ಮರಿ ಮಾರಾಯ್ರೆ! ಈಗ ಗಾಡಿ ಖಾಲಿ. ಯಾವಾಗ ಬರ್ತೀರಿ?" ಸ್ಪೀಕರ್ ಆನ್ ಇತ್ತು. ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು.

"ಹೋಗಿ ಬನ್ನಿ. ಕೊಯ್ಯೋಕೆ ಗರಗಸ ತಗೊಂಡ್ಹೋಗಿ. ತೆಂಗಿನಮರ ಮಾತ್ರ ತನ್ನಿ, ಉಳಿದದ್ದು ಅಲ್ಲೇ ಇರ್ಲಿ."

ಮೇಸ್ತ್ರಿಗೆ ಫೋನ್ ಮಾಡಿದ್ದೇನೆ. ಗರಗಸ ಅವರ ಹತ್ತಿರ ಇದೆಯಂತೆ. ಎಂಜಿನ್ನಿನ ಫ್ಯಾನ್ ಕೈಯಲ್ಲಿ ತಿರುಗುತ್ತಾ ಅಂತ ಹಾಗೇ ಒಂದು ಸಲ ನೋಡಿಕೊಂಡು ಬರೋಣ ಅಂದಿದ್ದೇನೆ. ಸುಮ್ನೆ, ನೋಡೋದಕ್ಕೆ.